ಸಗರನಾಡಿನ ಹಾಳೂರುಗಳು: ಶಾಸನದ ಸೀಮೆ, ನೆಲದ ಗುರುತು

ಯಾದಗಿರಿ, ಶಹಾಪುರ, ಸುರಪುರ ಭಾಗದ ಹಳೆಯ ಕಂದಾಯ ದಾಖಲೆಗಳ ಪರಿಭಾಷೆಯಲ್ಲಿ ‘ಬೇಚಿರಾಗ್’ ಎಂಬುದೊಂದು ಮಾತಿದೆ. ಪಾರಸಿ ಭಾಷೆಯಲ್ಲಿ ‘ಚಿರಾಗ್’ ಎಂದರೆ ದೀಪ. ‘ಬೇ’ ಎಂಬುದು ಇಲ್ಲವೆಂಬ ಅರ್ಥದ ಉಪಸರ್ಗ. ದೀಪ ಹಚ್ಚುವವರಿಲ್ಲದ ಊರು ಬೇಚಿರಾಗ್ ಗ್ರಾಮ. ಇಂಥ ಗ್ರಾಮಕ್ಕೆ ಹೆಸರಿದೆ, ಗಡಿಯಿದೆ, ಸರ್ವೆ ನಂಬರುಗಳಿವೆ, ಸಾಗುವಳಿಯ ಹೊಲಗಳೂ ಇವೆ. ವಾಸದ ಮನೆಗಳು ಮಾತ್ರ ಇಲ್ಲ. ಜನಗಣತಿಯ ಪಟ್ಟಿಗಳಲ್ಲಿ ಇವು ಜನವಸತಿಯಿಲ್ಲದ ಗ್ರಾಮಗಳೆಂದು ನಮೂದಾಗುತ್ತವೆ. ಆಡುಮಾತಿನಲ್ಲಿ ಇವು ಹಾಳೂರುಗಳು. ಹಳಗನ್ನಡದ ‘ಪಾೞ್’ ಎಂಬುದೇ ಇಲ್ಲಿಯ ‘ಹಾಳು’.

ಕನ್ನಡ ನಾಡಿನ ಇತಿಹಾಸ ರಚನೆಯಲ್ಲಿ ಶಿಲಾಶಾಸನಕ್ಕೆ ದೊರೆತ ಸ್ಥಾನ ಹಿರಿದು. ದೇವಾಲಯ, ಬಸದಿ, ಕೋಟೆ, ವೀರಗಲ್ಲುಗಳ ಅಧ್ಯಯನವೂ ಸಾಕಷ್ಟು ನಡೆದಿದೆ. ಆದರೆ ಆ ಶಾಸನಗಳನ್ನು ಹಾಕಿಸಿದ ಊರು, ಆ ದತ್ತಿಗೆ ವಿಷಯವಾದ ಹೊಲ, ಆ ಹೊಲಕ್ಕೆ ನೀರುಣಿಸಿದ ಕೆರೆ ಇವೆಲ್ಲ ಮಣ್ಣಿನವು. ಮಣ್ಣಿನ ಕುರುಹುಗಳನ್ನು ಓದುವ ಕ್ರಮ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಸಗರನಾಡು ಇದಕ್ಕೆ ಅತ್ಯಂತ ತಕ್ಕ ಕ್ಷೇತ್ರ. ಆ ಕುರುಹುಗಳು ಅಳಿಯುತ್ತಿರುವ ವೇಗವೂ ಇಲ್ಲಿ ಹೆಚ್ಚು. ಆದುದರಿಂದ ಈ ವಿಷಯವನ್ನು ಮುಂದೂಡುವಂತಿಲ್ಲ.

ನಾಡು ಮತ್ತು ನೆಲ

2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರ್ಪಟ್ಟು ರಚನೆಯಾದ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಪ್ರದೇಶವು ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಭೂಭಾಗ. ಪುರಾತತ್ತ್ವಜ್ಞರು ಇದನ್ನು ಸುರಪುರ ದೋಆಬ್ ಎಂದು ಕರೆದಿದ್ದಾರೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳು ಹೇಳುವ ಸಗರ-300 ಎಂಬ ಆಡಳಿತ ವಿಭಾಗದ ಹೆಸರು ಶಹಾಪುರ ತಾಲ್ಲೂಕಿನ ಸಗರ ಗ್ರಾಮದಲ್ಲಿ ಇಂದಿಗೂ ಉಳಿದಿದೆ. ಸುರಪುರ ಭಾಗದ ಯೇವೂರಿನಲ್ಲಿ ದೊರೆತ ಕ್ರಿ.ಶ. 1077ರ ಶಾಸನ ಆರನೆಯ ವಿಕ್ರಮಾದಿತ್ಯನ ಕಾಲದ್ದು. ಚಾಲುಕ್ಯರ ವಂಶಾವಳಿಯನ್ನು ವಿಸ್ತಾರವಾಗಿ ನಿರೂಪಿಸುವ ಕಾರಣ ಅದು ಇತಿಹಾಸಕಾರರ ಗಮನವನ್ನು ಬಹುಕಾಲದಿಂದ ಸೆಳೆದಿದೆ. ವಚನಕಾರ ದಾಸಿಮಯ್ಯನ ಮುದನೂರು, ಭೋಗಣ್ಣನ ಕೆಂಭಾವಿ, ದೇವಾಲಯ ಸಮೂಹಕ್ಕೆ ಹೆಸರಾದ ಶಿರವಾಳ ಇವೆಲ್ಲವೂ ಇದೇ ಸುತ್ತಿನ ಊರುಗಳು.

ನೆಲದ ಸ್ವರೂಪವನ್ನು ಗಮನಿಸದೆ ಇಲ್ಲಿಯ ಊರುಗಳನ್ನು ಅರಿಯುವುದು ಕಷ್ಟ. ಒಂದೆಡೆ ಎರೆಹೊಲ, ಇನ್ನೊಂದೆಡೆ ಮಸಾರಿ; ನಡುವೆ ಕಣಶಿಲೆಯ ಗುಡ್ಡಗಳು ಮತ್ತು ಭೀಮಾ ಕಣಿವೆಯ ಸುಣ್ಣಕಲ್ಲಿನ ಹಾಸುಗಳು. ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಗೋಡೆ ನಿಲ್ಲುವುದು ದುಸ್ತರ. ಆದ್ದರಿಂದ ಎರೆನಾಡಿನ ರೈತ ಹೊಲಕ್ಕೆ ಕರಿಯ ನೆಲವನ್ನೂ ಮನೆಗೆ ಗಟ್ಟಿನೆಲವನ್ನೂ ಆರಿಸಿಕೊಂಡನು. ಹಳ್ಳದ ದಂಡೆಯ ಎತ್ತರ, ಮೊರಡಿಯ ಓರೆ, ಎರೆ ಮತ್ತು ಮಸಾರಿ ಕೂಡುವ ಅಂಚು ಇವು ಊರು ಕಟ್ಟಲು ಯೋಗ್ಯ ಸ್ಥಳಗಳಾದವು. ಒಂದು ಊರು ಹಾಳಾದ ಮೇಲೆ ಅದರ ನೆಲೆಯನ್ನು ಹುಡುಕುವವರು ಮೊದಲು ನೋಡಬೇಕಾದದ್ದೂ ಇಂಥ ಅಂಚುಗಳನ್ನೇ.

ದಿಬ್ಬವಾಗುವ ಬಗೆ

ಈ ಭಾಗದ ಹಳೆಯ ಮನೆ ಮಾಳಿಗೆಮನೆ. ಕಲ್ಲುಮಣ್ಣಿನ ಅಥವಾ ಬರಿ ಮಣ್ಣಿನ ದಪ್ಪ ಗೋಡೆ. ಮೇಲೆ ತೊಲೆ, ಜಂತೆ. ಅದರ ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯಬೇಕು. ಹೀಗೆ ಒಂದು ಮನೆ ತನ್ನ ಆಯುಷ್ಯದಲ್ಲಿ ಹೊರಗಿನಿಂದ ತಂದುಕೊಳ್ಳುವ ಮಣ್ಣು ಗಾಡಿಗಟ್ಟಲೆ. ಮನೆ ಬಿದ್ದಾಗ ಮರ ಮತ್ತು ಕಲ್ಲನ್ನು ಜನ ಹೊತ್ತೊಯ್ಯುತ್ತಾರೆ. ಮಣ್ಣು ಅಲ್ಲಿಯೇ ಕುಸಿದು ಉಳಿಯುತ್ತದೆ. ಅದರ ಮೇಲೆಯೇ ಮತ್ತೊಂದು ಮನೆ ಏಳುತ್ತದೆ. ಒಲೆಯ ಬೂದಿ, ತಿಪ್ಪೆಯ ಕಸ, ಕೊಟ್ಟಿಗೆಯ ಸಗಣಿ, ಒಡೆದ ಗಡಿಗೆಗಳು ಇದಕ್ಕೆ ಸೇರುತ್ತವೆ. ಕೆಲವು ಶತಮಾನಗಳಲ್ಲಿ ಊರು ಸುತ್ತಲ ಹೊಲಕ್ಕಿಂತ ಎತ್ತರವಾಗುತ್ತದೆ. ಹೀಗೆ ಬೂದಿ ಬೆರೆತ ತಿಳಿಬಣ್ಣದ ಮಣ್ಣು ಊರ ಗುರುತು, ಕರಿಯ ಮಣ್ಣು ಹೊಲದ ಗುರುತು. ನೆರೆಯ ಮರಾಠಿಯಲ್ಲಿ ಊರ ನೆಲವನ್ನು ಪಾಂಢರಿ ಎಂದೂ ಹೊಲದ ನೆಲವನ್ನು ಕಾಳಿ ಎಂದೂ ಕರೆಯುವ ರೂಢಿ ಇದೇ ಅನುಭವದಿಂದ ಹುಟ್ಟಿದ್ದು.

ಕೆಂಭಾವಿ, ಸಗರಗಳಂತೆ ಜನವಸತಿ ಮುಂದುವರಿದ ಊರುಗಳಲ್ಲಿ ಹಳೆಯ ನೆಲೆ ಇಂದಿನ ಮನೆಗಳ ಅಡಿಯಲ್ಲಿದೆ. ಅಲ್ಲಿ ಅಗೆದು ನೋಡುವುದು ಸಾಧ್ಯವಿಲ್ಲ. ಹಾಳೂರಿನಲ್ಲಿ ಊರಿನ ವಿನ್ಯಾಸವು ನಿಂತ ಗಳಿಗೆಯಲ್ಲೇ ನಿಂತಿರುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ದಿಬ್ಬದ ಮೇಲಿನ ಉಬ್ಬುತಗ್ಗುಗಳು ನೆರಳಿನಿಂದ ಎದ್ದು ತೋರುತ್ತವೆ. ಉದ್ದನೆಯ ತಗ್ಗು ಓಣಿ. ಚೌಕಾಕಾರದ ಉಬ್ಬು ಮನೆಯ ಗೋಡೆ. ದಿಬ್ಬದ ಅಂಚಿನಲ್ಲಿ ದುಂಡನೆಯ ಕಲ್ಲುಗುಪ್ಪೆಯಿದ್ದರೆ ಅದು ಹುಡೇವಿನ ಬುಡವಾಗಿರಬಹುದು. ಎರಡು ಉಬ್ಬುಗಳ ನಡುವಣ ಸಂದು ಅಗಸೆಬಾಗಿಲಾಗಿರಬಹುದು. ಗಟ್ಟಿನೆಲದಲ್ಲಿ ಬಾಯಿ ಕಿರಿದಾಗಿ ಒಡಲು ಅಗಲವಾಗಿ ತೋಡಿದ ಗುಂಡಿ ಕಂಡರೆ ಅದು ಜೋಳ ತುಂಬುತ್ತಿದ್ದ ಹಗೇವು. ಮನೆಯೊಳಗಿನ ಆಯತಾಕಾರದ ಸಣ್ಣ ತಗ್ಗು ಕುಣಿಮಗ್ಗದ ಗುರುತಾಗುವುದೂ ಉಂಟು. ನೇಕಾರ ವಚನಕಾರನನ್ನು ಕೊಟ್ಟ ನಾಡಿನಲ್ಲಿ ಇದು ಕಡೆಗಣಿಸುವ ಸಂಗತಿಯಲ್ಲ.

ಊರು ಹೋದರೂ ದೇವರು ಉಳಿಯುವುದು ಇಲ್ಲಿಯ ಇನ್ನೊಂದು ಲಕ್ಷಣ. ಉತ್ತರ ಕರ್ನಾಟಕದ ಊರುಗಳಲ್ಲಿ ಹನುಮಪ್ಪನ ಗುಡಿ ಸಾಮಾನ್ಯವಾಗಿ ಅಗಸೆಯ ಬಳಿ ಇರುತ್ತದೆ. ಸುತ್ತ ಒಂದೂ ಮನೆಯಿಲ್ಲದ ಹೊಲದ ನಡುವೆ ಹನುಮಪ್ಪನೋ ಊರಮ್ಮನೋ ನಿಂತಿದ್ದರೆ ಅಲ್ಲಿ ಒಂದು ಕಾಲಕ್ಕೆ ಊರಿತ್ತೆಂದು ಶಂಕಿಸಲು ಆಧಾರವಿದೆ.

ಶಾಸನ ಹೇಳುವ ಊರು

ಈ ಮಣ್ಣಿನ ಗುರುತುಗಳಿಗೆ ಶಾಸನವೇ ಕೈಪಿಡಿ. ಚಾಲುಕ್ಯ, ಕಳಚುರಿ, ಸೇವುಣ ಕಾಲದ ದಾನಶಾಸನಗಳಲ್ಲಿ ಪ್ರಶಸ್ತಿ ಭಾಗ ಮುಗಿದ ಮೇಲೆ ಬರುವ ದತ್ತಿಯ ವಿವರವನ್ನು ಸಾಹಿತ್ಯದ ವಿದ್ಯಾರ್ಥಿಗಳು ನೀರಸವೆಂದು ದಾಟಿಹೋಗುವುದುಂಟು. ಆದರೆ ಊರಿನ ನಕಾಶೆ ಅಡಗಿರುವುದು ಅಲ್ಲಿಯೇ. ಕೆಯ್, ಗೞ್ದೆ, ತೋಂಟ, ಹೂದೋಂಟ, ಮನೆಯ ನಿವೇಶನ, ಗಾಣ, ಕೆರೆ, ತೂಬು ಇವುಗಳನ್ನು ಶಾಸನ ಒಂದೊಂದಾಗಿ ಎಣಿಸುತ್ತದೆ. ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ದಿಕ್ಕು ಹಿಡಿದು ಹಳ್ಳ, ಹುತ್ತ, ಮೊರಡಿ, ಮರ, ಬಟ್ಟೆ, ನಟ್ಟ ಕಲ್ಲುಗಳ ಮೂಲಕ ಸೀಮೆಯನ್ನು ನಿರ್ದೇಶಿಸುತ್ತದೆ. ಇಲ್ಲಿಯ ‘ಬಟ್ಟೆ’ ದಾರಿಯೆಂಬ ಅರ್ಥದ್ದು. ಶೈವ ದೇವಾಲಯದ ಭೂಮಿಯ ಗಡಿಯಲ್ಲಿ ಲಿಂಗಮುದ್ರೆಯ ಕಲ್ಲು, ಬಸದಿಯ ಭೂಮಿಯ ಗಡಿಯಲ್ಲಿ ಮುಕ್ಕೊಡೆಯ ಕಲ್ಲು ನೆಡುವ ಪದ್ಧತಿಯಿತ್ತು. ಮಳಖೇಡ, ಸೇಡಂ, ಅಡಕಿ ಮೊದಲಾದ ಜೈನ ಕೇಂದ್ರಗಳು ಇದೇ ಸೀಮೆಯ ನೆರೆಯಲ್ಲಿದ್ದುದನ್ನು ನೆನೆದರೆ, ಹೊಲದ ಬದುವಿನಲ್ಲಿ ಮಲಗಿದ ಒಂದು ಮುಕ್ಕೊಡೆಗಲ್ಲಿನ ಬೆಲೆ ತಿಳಿಯುತ್ತದೆ. ಆ ಕಲ್ಲು ನಿಂತಿರುವ ಜಾಗವೇ ಅದರ ಅರ್ಧ ಅರ್ಥ. ಅದನ್ನು ಎತ್ತಿ ಗುಡಿಯ ಮುಂದೆ ತಂದಿಟ್ಟ ಕ್ಷಣದಲ್ಲಿ ಅದು ಗಡಿ ಹೇಳುವುದನ್ನು ನಿಲ್ಲಿಸುತ್ತದೆ.

ಭೂಮಿಯ ಅಳತೆಯ ಪ್ರಶ್ನೆಯೂ ಇಲ್ಲಿ ಬರುತ್ತದೆ. ಶಾಸನಗಳ ‘ಮತ್ತರು’ ಇಂದಿನ ಲೆಕ್ಕದಲ್ಲಿ ಎಷ್ಟು ಎಕರೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಳೆಯುವ ಗಳೆ ಊರಿಂದೂರಿಗೆ ಬೇರೆಯಾಗುತ್ತಿತ್ತು. ಕೆಲವು ಕಡೆ ಗಳೆಯ ಪ್ರಮಾಣವನ್ನು ದೇವಾಲಯದ ಕಲ್ಲಿನ ಮೇಲೆ ಕೊರೆದಿಡುತ್ತಿದ್ದರು. ಒಂದು ದತ್ತಿಯ ನಾಲ್ಕು ಗಡಿಗಳನ್ನು ನೆಲದ ಮೇಲೆ ಖಚಿತವಾಗಿ ಗುರುತಿಸಲು ಸಾಧ್ಯವಾದರೆ ಆ ಊರಿನ ಮತ್ತರಿನ ವಿಸ್ತಾರವನ್ನು ಊಹೆಯ ಬದಲು ಅಳತೆಯಿಂದಲೇ ಹೇಳಬಹುದು. ಇದಕ್ಕೆ ಬೇಕಾದ ಹಳೆಯ ಬದುಗಳು, ಒಡ್ಡುಗಳು, ದಾರಿಗಳು ಉಳಿದಿರಬೇಕು.

ಇಂಗ್ಲೆಂಡಿನ ಮಧ್ಯಯುಗದ ಹಾಳೂರುಗಳ ಸುತ್ತ ನೇಗಿಲ ಸಾಲುಗಳೇ ಉದ್ದುದ್ದನೆಯ ದಿಂಡುಗಳಾಗಿ ಉಳಿದಿವೆ. ದಖ್ಖನಿನಲ್ಲಿ ಅಂಥವು ಕಾಣುವುದಿಲ್ಲ. ಅಲ್ಲಿಯ ಭಾರವಾದ ನೇಗಿಲು ಮಣ್ಣನ್ನು ಮಗುಚಿ ಒಂದೇ ಬದಿಗೆ ಹಾಕುತ್ತಿತ್ತು. ನಮ್ಮ ನೇಗಿಲು ಮಣ್ಣನ್ನು ಸೀಳುತ್ತದೆಯೇ ಹೊರತು ಮಗುಚುವುದಿಲ್ಲ. ಮೇಲೆ ಕುಂಟೆ ಹೊಡೆದಾಗ ನೆಲ ಮತ್ತೆ ಸಮವಾಗುತ್ತದೆ. ಆದ್ದರಿಂದ ಇಲ್ಲಿಯ ಮಧ್ಯಕಾಲೀನ ಹೊಲದ ಕುರುಹುಗಳನ್ನು ಸಾಲಿನಲ್ಲಿ ಹುಡುಕದೆ ಒಡ್ಡು, ಬದು, ಕೆರೆಯ ಏರಿ, ಕಾಲುವೆ, ಆಯ್ದು ಹಾಕಿದ ಕಲ್ಲುಗುಪ್ಪೆಗಳಲ್ಲಿ ಹುಡುಕಬೇಕು. ಇವುಗಳಲ್ಲಿ ಕೆರೆಯ ಏರಿ ಮುಖ್ಯ. ಕೆರೆಯ ನಿರ್ವಹಣೆಗೆಂದು ಬಿಡುತ್ತಿದ್ದ ‘ಬಿತ್ತುವಟ್ಟ’ದ ಉಲ್ಲೇಖಗಳು ಏರಿಯ ಮಣ್ಣನ್ನು ವರ್ಷವರ್ಷವೂ ನೋಡಿಕೊಳ್ಳುವ ವ್ಯವಸ್ಥೆ ಇತ್ತೆಂಬುದನ್ನು ತಿಳಿಸುತ್ತವೆ. ಊರು ಬೇಚಿರಾಗ್ ಆದಾಗ ಆ ವ್ಯವಸ್ಥೆಯೂ ಮುರಿಯುತ್ತದೆ. ಒಡೆದ ಏರಿ, ಹೂಳು ತುಂಬಿದ ಅಂಗಳ, ನೀರಿಲ್ಲದ ತೂಬು ಇವು ಹಾಳೂರಿನ ಭಾಗಗಳೇ.

ಎಚ್ಚರಿಕೆಯ ಎರಡು ಪಾಠಗಳು

ದಿಬ್ಬ ಕಂಡಲ್ಲೆಲ್ಲ ಮಧ್ಯಕಾಲೀನ ಊರಿತ್ತೆಂದು ತೀರ್ಮಾನಿಸುವಂತಿಲ್ಲ. ಸುರಪುರ ಸೀಮೆಯ ಬೂದಿಹಾಳ, ಕೊಡೇಕಲ್ಲುಗಳ ಬೂದಿದಿಬ್ಬಗಳು ಇದಕ್ಕೆ ಸಾಕ್ಷಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1989ರಿಂದ 1997ರವರೆಗೆ ಬೂದಿಹಾಳದಲ್ಲಿ ನಡೆಸಿದ ಉತ್ಖನನ ಅದು ನವಶಿಲಾಯುಗದ ಪಶುಪಾಲಕರ ನೆಲೆಯೆಂಬುದನ್ನು ತೋರಿಸಿತು. ದನದ ಸಗಣಿ ರಾಶಿಯಾಗಿ, ಮತ್ತೆ ಮತ್ತೆ ಸುಡಲ್ಪಟ್ಟು ಬೂದಿಯ ಗುಡ್ಡವಾಗಿತ್ತು; ಅದರ ಬದಿಯಲ್ಲೇ ವಾಸದ ನೆಲೆಯೂ ಕಲ್ಲಿನ ಉಪಕರಣಗಳನ್ನು ಮಾಡುವ ಜಾಗವೂ ಇದ್ದವು. ಅದರ ಕಾಲ ಕ್ರಿ.ಪೂ. ಮೂರನೆಯ ಸಹಸ್ರಮಾನದ ಕೊನೆ ಮತ್ತು ಎರಡನೆಯ ಸಹಸ್ರಮಾನದ ಮೊದಲ ಭಾಗ. ಹಾಗೆಯೇ ಶಹಾಪುರ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಬಂಡೆಗಳನ್ನೂ ರಾಜನಕೋಳೂರಿನ ಕಲ್ಮನೆಗಳನ್ನೂ ಮೊದಲು ವಿವರಿಸಿದವನು 1841ರಲ್ಲಿ ಸುರಪುರಕ್ಕೆ ಬಂದ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. ಅವು ಮಧ್ಯಕಾಲಕ್ಕಿಂತ ಬಹು ಹಿಂದಿನ ಬೃಹತ್ ಶಿಲಾಯುಗದವು. ಒಂದೇ ಸೀಮೆಯಲ್ಲಿ ಹೀಗೆ ಹಲವು ಯುಗಗಳ ನೆಲೆಗಳು ಅಕ್ಕಪಕ್ಕದಲ್ಲಿರುವಾಗ ಬೋಕಿಬಿಲ್ಲೆಗಳ ಪರೀಕ್ಷೆಯಿಲ್ಲದೆ ದಿಬ್ಬದ ಕಾಲವನ್ನು ಹೇಳುವುದು ದುಡುಕು. ಟೇಲರ್ ಬೋನಾಳದ ಕೆರೆಯ ಕೆಲಸವನ್ನೂ ಮಾಡಿಸಿದನು. ಅವನ ನಿಧನಾನಂತರ 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅದರ ಪ್ರಸ್ತಾಪವಿದೆ. ಇಂದು ಪಕ್ಷಿಧಾಮವೆಂದು ಹೆಸರಾದ ಆ ಕೆರೆ, ಒಂದು ಏರಿಯ ಮೇಲೆ ಹಲವು ಕಾಲದ ಮಣ್ಣು ಬೀಳುತ್ತದೆಂಬುದಕ್ಕೆ ನಿದರ್ಶನ.

ಎರಡನೆಯ ಪಾಠ ಊರು ಹಾಳಾದ ಕಾರಣಕ್ಕೆ ಸಂಬಂಧಿಸಿದ್ದು. ಬರಗಾಲ, ಬೇನೆ, ದಂಡಿನ ಹಾವಳಿ ಇವು ಜನರ ನೆನಪಿನಲ್ಲಿ ಸದಾ ಇರುವ ಕಾರಣಗಳು. ಹದಿನಾಲ್ಕನೆಯ ಶತಮಾನದ ಕೊನೆಯಿಂದ ದಖ್ಖನನ್ನು ಹನ್ನೆರಡು ವರ್ಷ ಕಾಡಿತೆಂದು ಸಂಪ್ರದಾಯ ಹೇಳುವ ದುರ್ಗಾದೇವಿ ಬರ, 1876–78ರ ಮಹಾಕ್ಷಾಮ, ಬಹಮನಿ ಮತ್ತು ವಿಜಯನಗರದ ದಂಡುಗಳ ಓಡಾಟ ಇವೆಲ್ಲ ನಿಜ. ವೀರಗಲ್ಲುಗಳ ‘ಊರಳಿವು’ ಎಂಬ ಮಾತು ಹಳ್ಳಿಗಳ ಮೇಲಿನ ದಾಳಿಗೆ ನೇರ ಸಾಕ್ಷ್ಯ. ಆದರೂ ನೀರಿನ ಸೆಲೆ ಬತ್ತುವುದು, ಹಳ್ಳದ ದಿಕ್ಕು ತಿರುಗುವುದು, ಹೆದ್ದಾರಿ ಬದಲಾಗುವುದು, ಸಮೀಪದ ಕೋಟೆಯೂರು ಬೆಳೆದು ಸುತ್ತಲ ಜನರನ್ನು ಸೆಳೆದುಕೊಳ್ಳುವುದು ಇಂಥ ನಿಧಾನದ ಕಾರಣಗಳನ್ನು ಮರೆಯಬಾರದು. ಇಂಗ್ಲೆಂಡಿನ ಯಾರ್ಕ್‌ಷೈರಿನ ವಾರಮ್ ಪರ್ಸಿ ಎಂಬ ಹಾಳೂರಿನಲ್ಲಿ ಮಾರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ 1950ರಿಂದ ನಾಲ್ಕು ದಶಕ ಅಧ್ಯಯನ ನಡೆಸಿದರು. ಹದಿನಾಲ್ಕನೆಯ ಶತಮಾನದ ಮಹಾಮಾರಿಯೇ ಇಂಥ ಊರುಗಳನ್ನು ಅಳಿಸಿತೆಂಬ ಜನಪ್ರಿಯ ನಂಬಿಕೆ ಅಲ್ಲಿ ನಿಲ್ಲಲಿಲ್ಲ. ಊರು ಬರಿದಾದದ್ದು ಸುಮಾರು 1500ರ ಹೊತ್ತಿಗೆ, ಉಳುವ ಹೊಲ ಕುರಿ ಮೇಯುವ ಹುಲ್ಲುಗಾವಲಾದಾಗ. ಸಗರನಾಡಿನ ಪ್ರತಿ ಹಾಳೂರಿಗೂ ಹೇಳಲಾಗುವ ಮಾರಿಬೇನೆಯ ಕಥೆಯನ್ನು ಇದೇ ವಿವೇಕದಿಂದ ಪರಿಶೀಲಿಸಬೇಕು. ಕಥೆಯನ್ನು ತಳ್ಳಿಹಾಕಬೇಕಾಗಿಲ್ಲ, ನೆಲದ ಸಾಕ್ಷ್ಯದೊಡನೆ ಇಟ್ಟು ನೋಡಿದರೆ ಸಾಕು.

ಭೀಮಾ ತೀರದಲ್ಲಿ ಫಿರೋಜ್ ಶಾಹ ಬಹಮನಿ ಸುಮಾರು 1400ರಲ್ಲಿ ಕಟ್ಟಿಸಿದ ಫಿರೋಜಾಬಾದ್ ಬರಿದಾದ ನಗರಕ್ಕೆ ಉದಾಹರಣೆ. ಕೋಟೆಗೋಡೆಯ ಒಳಗೆ ಇಂದು ಹೊಲಗಳಿವೆ. ಜಾರ್ಜ್ ಮಿಶೆಲ್ ಮತ್ತು ರಿಚರ್ಡ್ ಈಟನ್ ಆ ನಗರದ ಬಗ್ಗೆ 1992ರಲ್ಲಿ ಗ್ರಂಥ ಪ್ರಕಟಿಸಿದರು. ಅರಸನ ನಗರ ಬರಿದಾದರೆ ಕಲ್ಲಿನ ಗೋಡೆ ಅದನ್ನು ನೆನಪಿಸುತ್ತದೆ. ಒಕ್ಕಲಿಗನ ಊರು ಬರಿದಾದರೆ ಅದನ್ನು ನೆನಪಿಸಲು ದಿಬ್ಬ ಮತ್ತು ಕಂದಾಯದ ಕಡತ ಮಾತ್ರ ಉಳಿಯುತ್ತವೆ.

ಅಳಿಯುತ್ತಿರುವ ಸಾಕ್ಷ್ಯ

ಹಾಳು ಮಣ್ಣು ಒಳ್ಳೆಯ ಗೊಬ್ಬರವೆಂಬುದು ರೈತರಿಗೆ ಹಿಂದಿನಿಂದಲೂ ತಿಳಿದಿದೆ. ಶತಮಾನಗಳ ಬೂದಿ, ಸಗಣಿ, ಎಲುಬು ಕೊಳೆತ ಆ ಮಣ್ಣನ್ನು ಬೇಸಗೆಯಲ್ಲಿ ಗಾಡಿಯಲ್ಲಿ ಹೇರಿ ಹೊಲಕ್ಕೆ ಚೆಲ್ಲುವುದು ಹಳೆಯ ರೂಢಿ. ಇಂಥ ಮಣ್ಣಿನಿಂದಲೇ ಪೆಟ್ಲುಪ್ಪನ್ನು ತೆಗೆಯುತ್ತಿದ್ದುದೂ ಉಂಟು. ಗಾಡಿಯ ಕಾಲದಲ್ಲಿ ದಿಬ್ಬ ಕರಗಲು ತಲೆಮಾರುಗಳು ಬೇಕಾಗುತ್ತಿದ್ದವು. ಜೆಸಿಬಿ ಯಂತ್ರ ಮತ್ತು ಟ್ರ್ಯಾಕ್ಟರಿಗೆ ಕೆಲವು ದಿನ ಸಾಕು.

ಇನ್ನೂ ದೊಡ್ಡ ಬದಲಾವಣೆ ನೀರಾವರಿಯಿಂದ ಬಂದಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಪೂರ್ಣಗೊಂಡ ಬಳಿಕ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳ ಹೊಲಗಳಿಗೆ ಹರಿಯಿತು. ಜೋಳ, ಸಜ್ಜೆ, ತೊಗರಿಯ ಮಳೆಯಾಶ್ರಿತ ನೆಲದಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ಬರದ ನಾಡಿನ ರೈತನಿಗೆ ನೀರು ಬಂದದ್ದು ಬದುಕಿನ ಪ್ರಶ್ನೆ. ಅದನ್ನು ಆಕ್ಷೇಪಿಸುವ ಹಕ್ಕು ಇತಿಹಾಸಕಾರನಿಗಿಲ್ಲ. ಆದರೆ ಭತ್ತಕ್ಕೆ ಸಮತಟ್ಟಾದ ನೆಲ ಬೇಕು. ಮಟ್ಟ ಮಾಡುವಾಗ ಹಳೆಯ ಒಡ್ಡು, ಕಲ್ಲುಗುಪ್ಪೆ, ಹೂತ ಬಾವಿ, ಗಡಿಗಲ್ಲು, ದಿಬ್ಬದ ಸೆರಗು ಎಲ್ಲವೂ ಹೋಗುತ್ತವೆ. ಕಾನೂನಿನ ರಕ್ಷಣೆಯೂ ಬಹುತೇಕ ಕಟ್ಟಡಗಳ ಕಡೆಗೇ ವಾಲಿದೆ. 1958ರ ಕೇಂದ್ರ ಅಧಿನಿಯಮವೂ 1961ರ ರಾಜ್ಯ ಅಧಿನಿಯಮವೂ ಪುರಾತತ್ತ್ವ ನಿವೇಶನಗಳನ್ನು ತಮ್ಮ ವ್ಯಾಪ್ತಿಯೊಳಗೆ ತಂದಿವೆಯಾದರೂ, ಹೆಸರೇ ಪಟ್ಟಿಯಾಗದ ಹಾಳೂರಿನ ದಿಬ್ಬವನ್ನು ಅವು ಕಾಯಲಾರವು.

ಆದ್ದರಿಂದ ರಕ್ಷಣೆಗೆ ಮುನ್ನ ದಾಖಲೆ ಆಗಬೇಕು. ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್‌ಲೀನ್ ಮಾರಿಸನ್ ವಿಜಯನಗರದ ಹೊರವಲಯದಲ್ಲಿ 1980ರ ದಶಕದ ಕೊನೆಯಿಂದ 1990ರ ದಶಕದವರೆಗೆ ನಡೆಸಿದ ಸರ್ವೇಕ್ಷಣೆ ಇದಕ್ಕೆ ಮಾದರಿ. ಅಗೆಯದೆ, ಹೊಲಹೊಲ ನಡೆದು, ಕೆರೆ, ಕಾಲುವೆ, ಒಡ್ಡು, ದಾರಿ, ಪಾಳುಬಿದ್ದ ವಸತಿ ಸೇರಿ 700ಕ್ಕೂ ಹೆಚ್ಚು ನೆಲೆಗಳನ್ನು ಅವರ ತಂಡ ಗುರುತಿಸಿತು. ಅರಮನೆ ಮತ್ತು ಗುಡಿಗಳಿಂದ ತಿಳಿಯದ ವಿಜಯನಗರದ ಬೇಸಾಯದ ಇತಿಹಾಸ ಅದರಿಂದ ಬೆಳಕಿಗೆ ಬಂದಿತು.

ಸಗರನಾಡಿನಲ್ಲಿ ಇಂಥ ಕೆಲಸಕ್ಕೆ ಬೇಕಾದ ಸಾಮಗ್ರಿ ಕೈಯಳತೆಯಲ್ಲಿದೆ. ಮೊದಲು, ಪ್ರಕಟಿತ ಶಾಸನಗಳಲ್ಲಿ ಬರುವ ಊರುಗಳ ಪಟ್ಟಿ ಮಾಡಿ, ಇಂದಿನ ಗ್ರಾಮಗಳೊಡನೆ ಹೊಂದದ ಹೆಸರುಗಳನ್ನು ಬೇರ್ಪಡಿಸಬೇಕು. ಅವುಗಳನ್ನು ಕಂದಾಯ ಇಲಾಖೆಯ ಬೇಚಿರಾಗ್ ಗ್ರಾಮಗಳು, ಗ್ರಾಮ ನಕಾಶೆಗಳು, ಹೊಲಗಳಿಗೆ ಜನ ಕರೆಯುವ ಹೆಸರುಗಳೊಡನೆ ಹೋಲಿಸಬೇಕು. ಹೆಸರಿನ ಕೊನೆಯ ‘ಹಾಳ’ವೆಲ್ಲ ‘ಪಾೞ್’ ಆಗಬೇಕಾಗಿಲ್ಲವೆಂಬ ಎಚ್ಚರ ಇಲ್ಲಿ ಅವಶ್ಯ. ಬಳಿಕ ನೆಲಕ್ಕೆ ಹೋಗಿ ದಿಬ್ಬದ ಉದ್ದಗಲ, ಎತ್ತರ, ಬೋಕಿಗಳ ಬಗೆ, ಒಂಟಿ ಗುಡಿ, ಬಾವಿ, ಕೆರೆಯ ಏರಿಗಳನ್ನು ಅಳೆದು ನಕಾಶೆಗೆ ತರಬೇಕು. ಶಾಸನದ ಕಲ್ಲು ಬೇರೆಡೆಗೆ ಸಾಗಿದ್ದರೆ, ಅದು ಮೊದಲು ಯಾವ ಹೊಲದಲ್ಲಿತ್ತೆಂಬುದನ್ನು ಹಿರಿಯರಿಂದ ಕೇಳಿ ಬರೆದಿಡಬೇಕು. ಈ ಕೊನೆಯ ಕೆಲಸ ಎಲ್ಲಕ್ಕಿಂತ ತುರ್ತಿನದು. ದಿಬ್ಬ ಹೋದರೂ ಉಪಗ್ರಹ ಚಿತ್ರದಲ್ಲಿ ಮಣ್ಣಿನ ಬಣ್ಣ ಒಂದಿಷ್ಟು ಕಾಲ ಉಳಿದೀತು. ಕಲ್ಲು ಎದ್ದ ಜಾಗವನ್ನು ಬಲ್ಲ ಹಿರಿಯರು ಹೋದ ಮೇಲೆ ಅದನ್ನು ತಿಳಿಯುವ ದಾರಿ ಇಲ್ಲ.

ಸಾಹಿತ್ಯದ ಅಧ್ಯಯನಕ್ಕೂ ಇದರಿಂದ ಲಾಭವಿದೆ. ಕೆಯ್, ಮೊರಡಿ, ಬಟ್ಟೆ, ತೂಬು, ಏರಿ ಎಂಬ ಮಾತುಗಳು ನಿಘಂಟಿನ ಅರ್ಥವನ್ನು ಮೀರಿ ನೆಲದ ಮೇಲಿನ ವಸ್ತುಗಳಾಗಿ ಕಾಣತೊಡಗುತ್ತವೆ. ವಚನಕಾರರು ಕಾಯಕದಿಂದ, ಹೊಲಮನೆಗಳಿಂದ ಎತ್ತಿಕೊಂಡ ಮಾತುಗಳು ಎಂಥ ಊರಿನಲ್ಲಿ ಹುಟ್ಟಿದವೆಂಬುದು ಸ್ಪಷ್ಟವಾಗುತ್ತದೆ. ಯೇವೂರಿನ ಶಾಸನದಿಂದ ಚಾಲುಕ್ಯರ ವಂಶಾವಳಿಯನ್ನು ವಿದ್ವಾಂಸರು ಒಂದೊಂದು ಹೆಸರೂ ಬಿಡದಂತೆ ಓದಿದ್ದಾರೆ. ಅಂಥ ಶಾಸನಗಳ ಕೊನೆಯ ಸಾಲುಗಳು ಹೇಳುವ ಹೊಲಗಳನ್ನು ಅಷ್ಟೇ ಶ್ರದ್ಧೆಯಿಂದ ನೆಲದ ಮೇಲೆ ಓದುವ ಕೆಲಸ ಉಳಿದಿದೆ. ಮುಂದಿನ ಬೇಸಗೆಯ ಮಣ್ಣಿನ ಸಾಗಾಟಕ್ಕೆ ಮುನ್ನ ಒಂದು ಹಾಳೂರಿನ ನಕಾಶೆಯಾದರೂ ಸಿದ್ಧವಾದರೆ, ಆ ಊರಿನ ಮಟ್ಟಿಗೆ ಶಾಸನದ ಸೀಮೆ ಅಳಿಯದೆ ಉಳಿದಂತಾಗುತ್ತದೆ.